ಪುಕ್ಕಟೆ ವಿಂಡೋಸಿನ ಖರ್ಚು

ಚಿಕ್ಕನರಗುಂದದಂಥ ಊರಲ್ಲಿ ಕಂಪ್ಯೂಟರ್ ಎಲ್ಲೆಲ್ಲಿ ಇರುತ್ತವೆ ಎಂದು ಹೇಳುವುದು ಕಷ್ಟವಲ್ಲ. ಪಂಚಾಯ್ತಿ, ಸಾಲಿ, ಸೊಸೈಟಿ, ಕಾಲೇಜು ಓದುವ ಮಕ್ಕಳಿರುವ ಕೆಲವು ಮನೆ. ಉಳಿದದ್ದಕ್ಕೆಲ್ಲ ಜನ ನರಗುಂದದ ಪ್ಯಾಟಿಗೆ ಹೋಗುತ್ತಾರೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಹುಟ್ಟುಹಬ್ಬದ ಬ್ಯಾನರ್, ಬೆಳೆವಿಮೆಯ ಅರ್ಜಿ, ಉತಾರ, ವಾಟ್ನಿ ಪತ್ರದ ಟೈಪಿಂಗ್, ಎಲ್ಲವೂ ಒಂದೇ ಅಂಗಡಿಯಲ್ಲಿ ಆಗಿಬಿಡುತ್ತವೆ. ಹೊರಗಿನ ಬೋರ್ಡಿನ ಮೇಲೆ ‘ಝೆರಾಕ್ಸ್, ಡಿಟಿಪಿ, ಆನ್‌ಲೈನ್’ ಎಂದಿರುತ್ತದೆ. ಒಳಗಿನ ಕಂಪ್ಯೂಟರಿನಲ್ಲಿ ವಿಂಡೋಸ್ ಇರುತ್ತದೆ. ಅದನ್ನು ಎಷ್ಟಕ್ಕೆ ಕೊಂಡಿರಿ ಎಂದು ಮಾತ್ರ ಕೇಳಬಾರದು. ಫಾರ್ಮ್ಯಾಟ್ ಹೊಡೆಯುವ ಹುಡುಗ ಪೆನ್‌ಡ್ರೈವಿನಲ್ಲಿ ತಂದು ಹಾಕಿರುತ್ತಾನೆ, ಮುನ್ನೂರೋ ಐನೂರೋ ಕೂಲಿ ತೊಗೊಂಡಿರುತ್ತಾನೆ. ಲೈಸೆನ್ಸಿನ ಮಾತು ಇಬ್ಬರೂ ಎತ್ತಿರುವುದಿಲ್ಲ.

ಹೀಗೆ ನಡೆದುಕೊಂಡು ಬಂದ ಸಂಸಾರಕ್ಕೆ 2025ರ ಅಕ್ಟೋಬರ್ 14ರಂದು ಒಂದು ಗಡುವು ಬಂದು ಹೋಯಿತು. ಮೈಕ್ರೋಸಾಫ್ಟ್ ಅಂದು ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. 2015ರ ಜುಲೈ 29ಕ್ಕೆ ಹುಟ್ಟಿದ ಆವೃತ್ತಿ, ಹತ್ತು ವರ್ಷ ಬಾಳಿತು. ಮರುದಿನ ಮುಂಜಾನೆ ಅಂಗಡಿ ತೆಗೆದಾಗ ಕಂಪ್ಯೂಟರ್ ಎಂದಿನಂತೆಯೇ ಚಾಲೂ ಆಯಿತು. ಪ್ರಿಂಟರ್ ಓಡಿತು, ಕನ್ನಡ ಟೈಪ್ ಮಾಡುವ ನುಡಿ ಓಡಿತು, ಪುಟ ಜೋಡಿಸುವ ಪೇಜ್‌ಮೇಕರ್ ಓಡಿತು. ‘ಏನೂ ಆಗಿಲ್ಲಲ್ರಿ’ ಎಂದು ಅಂಗಡಿಯವರು ನಕ್ಕರೆ ಅದರಲ್ಲಿ ತಪ್ಪಿಲ್ಲ. ಅಪ್‌ಡೇಟ್ ನಿಂತ ದಿನ ಏನೂ ಆಗುವುದಿಲ್ಲ. ಆಗುವುದು ಆಮೇಲೆ, ಯಾರೋ ಒಬ್ಬ ವಿಂಡೋಸಿನಲ್ಲಿ ಹೊಸ ತೂತು ಕಂಡುಹಿಡಿದಾಗ. ತೂತು ಮುಚ್ಚುವ ತೇಪೆ ವಿಂಡೋಸ್ 11 ಇದ್ದವರಿಗೆ ಬರುತ್ತದೆ, 10 ಇದ್ದವರಿಗೆ ತಾನಾಗಿ ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಹೊಸದಕ್ಕೆ ಹಾಕಿದ ತೇಪೆಯನ್ನು ನೋಡಿಯೇ ಹಳೆಯದರಲ್ಲಿ ತೂತು ಎಲ್ಲಿದೆ ಎಂದು ಕಳ್ಳ ಪತ್ತೆ ಮಾಡುತ್ತಾನೆ.

ಇದು ಬೆಂಗಳೂರಿನ ದೊಡ್ಡ ಕಂಪನಿಗಳ ಚಿಂತೆ, ನಮಗೇಕೆ ಎನ್ನುವವರು 2017ರ ಮೇ ತಿಂಗಳನ್ನು ನೆನೆಯಬೇಕು. ‘ವಾನಾಕ್ರೈ’ ಎಂಬ ವೈರಸ್ ಆಗ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಕೇಳಿತ್ತು. ನಮ್ಮ ಪಕ್ಕದ ಕೇರಳದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಐಟಿ ಪಾರ್ಕಿನಲ್ಲಲ್ಲ. ವಯನಾಡ್ ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯ್ತಿಯ ಕಚೇರಿಯಲ್ಲಿ, ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯ್ತಿಯಲ್ಲಿ. ಆ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ, ತೇಪೆ ಕೊಟ್ಟಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೇ. ವೈರಸ್ಸಿಗೆ ಊರು ದೊಡ್ಡದೋ ಸಣ್ಣದೋ ಗೊತ್ತಾಗುವುದಿಲ್ಲ. ಪೈರಸಿಯ ವಿಂಡೋಸಿನ ನಿಜವಾದ ತೊಂದರೆಯೂ ಇಲ್ಲೇ ಇದೆ. ಕದ್ದ ವಿಂಡೋಸನ್ನು ಅಸಲಿಯೆಂದು ತೋರಿಸುವ ‘ಆಕ್ಟಿವೇಟರ್’ ಓಡಿಸುವಾಗ ಅದು ಆಂಟಿವೈರಸ್ ಬಂದ್ ಮಾಡು ಎನ್ನುತ್ತದೆ. ಅಪ್‌ಡೇಟ್ ಆದರೆ ಕ್ರ್ಯಾಕ್ ಹೋಗಿಬಿಟ್ಟೀತೆಂದು ಹುಡುಗ ಅಪ್‌ಡೇಟನ್ನೂ ಬಂದ್ ಮಾಡಿ ಹೋಗುತ್ತಾನೆ. ಹಾಗೆ ನೋಡಿದರೆ ನಮ್ಮ ಎಷ್ಟೋ ಅಂಗಡಿಗಳಲ್ಲಿ ವಿಂಡೋಸ್ 10ರ ಅಪ್‌ಡೇಟ್ ನಿಂತದ್ದು ಅಕ್ಟೋಬರಿನಲ್ಲಲ್ಲ, ಅದನ್ನು ಹಾಕಿದ ದಿನವೇ.

ಅಪ್‌ಡೇಟ್ ಎಂದ ಕೂಡಲೇ ಕೈಮುಗಿಯಬೇಕೆಂದೂ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಡಬೇಕಾಯಿತು. ಆದರೆ ಅಪ್‌ಡೇಟಿನಿಂದ ಕೆಟ್ಟ ಯಂತ್ರವನ್ನು ಎಬ್ಬಿಸಬಹುದು. ಬೀಗ ಬಿದ್ದ ಫೈಲು ತಿರುಗಿ ಬರುವುದಿಲ್ಲ.

ಹಾಗಾದರೆ ವಿಂಡೋಸ್ 11ಕ್ಕೆ ಹೋದರಾಯಿತಲ್ಲ? 2021ರ ಅಕ್ಟೋಬರಿನಲ್ಲಿ ಅದು ಬಂದಾಗ ಮೈಕ್ರೋಸಾಫ್ಟ್ ಯಂತ್ರದ ಮೇಲೆಯೇ ಷರತ್ತು ಹಾಕಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಸೆಕ್ಯೂರ್ ಬೂಟ್ ಇರಬೇಕು, 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ಮುಂದಿನದು ಇರಬೇಕು. ಎಂಟನೇ ತಲೆಮಾರು ಬಂದದ್ದೇ 2017ರ ಕೊನೆಯ ಭಾಗದಲ್ಲಿ. ಅಂದರೆ 2016ರಲ್ಲಿ ಸಾಲ ಮಾಡಿ ಕೊಂಡ ಚಲೋ ಕಂಪ್ಯೂಟರ್ ಇನ್ನೂ ಗಟ್ಟಿಮುಟ್ಟಾಗಿದ್ದರೂ ಲೆಕ್ಕಕ್ಕಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿ ಇಲ್ಲವೆಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಅಪ್‌ಡೇಟಿಗಾಗಿ ಹೋದವರಿಗೆ ಅಪ್‌ಡೇಟೇ ಇಲ್ಲವೆಂದ ಮೇಲೆ ಹೋಗಿ ಫಾಯದೆ ಏನು?

ಒಂದು ವರ್ಷದ ತಾತ್ಪೂರ್ತಿಕ ದಾರಿಯನ್ನೂ ಮೈಕ್ರೋಸಾಫ್ಟ್ ತೆರೆದಿದೆ. ಮನೆಬಳಕೆಯವರು 30 ಡಾಲರ್ ಕಟ್ಟಿದರೆ, ಅಥವಾ ಮೈಕ್ರೋಸಾಫ್ಟ್ ಖಾತೆಗೆ ತಮ್ಮ ಸೆಟ್ಟಿಂಗುಗಳ ಬ್ಯಾಕಪ್ ಜೋಡಿಸಿದರೆ ಪುಕ್ಕಟೆಯಾಗಿಯೇ, 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್ ಬರುತ್ತದೆ. ಇದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು. ಕಂಪನಿಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷದಿಂದ ವರ್ಷಕ್ಕೆ ದುಪ್ಪಟ್ಟು, ಮೂರು ವರ್ಷದವರೆಗೆ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಸಾಲಿ-ಕಾಲೇಜಿನ ಮುಖ್ಯಸ್ಥರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ಹತ್ತು ಕಂಪ್ಯೂಟರಿನ ಲ್ಯಾಬಿಗೆ ಮೊದಲ ವರ್ಷದ ಖರ್ಚು ಹತ್ತು ಡಾಲರ್.

ಈಗ ಲಿನಕ್ಸಿಗೆ ಬರೋಣ. ಲಿನಕ್ಸ್ ಪುಕ್ಕಟೆ ಎನ್ನುವುದು ಎಲ್ಲರಿಗೂ ಗೊತ್ತು. ಕದ್ದ ಮಾಲಲ್ಲ, ಹಂಚಿಕೊಳ್ಳಲಿ ಎಂದೇ ಮಾಡಿದ್ದು. ಲಿನಕ್ಸ್ ಮಿಂಟ್ ಎಂಬ ವಿತರಣೆ 2 ಜಿಬಿ ರ‍್ಯಾಮಿನಲ್ಲಿ ಏಳುತ್ತದೆ, 4 ಜಿಬಿ ಇದ್ದರೆ ಆರಾಮಾಗಿ ಓಡುತ್ತದೆ; ಟಿಪಿಎಂ ಕೇಳುವುದಿಲ್ಲ, ಎಂಟನೇ ತಲೆಮಾರು ಕೇಳುವುದಿಲ್ಲ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಬರವಣಿಗೆಗೆ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಅದರೊಳಗೇ ಬರುತ್ತದೆ. ಅದರ ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ನುಡಿಯಲ್ಲಿ ಕೈ ಪಳಗಿದವರು ಕೀಲಿಮಣೆಗೂ ಹೆದರಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ, ನಾವು ‘ನುಡಿ ಕೀಲಿಮಣೆ’ ಎಂದು ಕರೆಯುವ ವಿನ್ಯಾಸ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಕೂತಿದೆ. ಬೇರೆ ಏನನ್ನೂ ಡೌನ್‌ಲೋಡ್ ಮಾಡದೆ ಅದನ್ನು ಆರಿಸಿ ಟೈಪ್ ಮಾಡುತ್ತ ಹೋಗಬಹುದು. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟುಗಳಿವೆ.

ಇಷ್ಟೆಲ್ಲ ಇದ್ದರೂ ನರಗುಂದ, ರೋಣ, ಗಜೇಂದ್ರಗಡದ ಡಿಟಿಪಿ ಅಂಗಡಿಗಳು ಲಿನಕ್ಸಿನ ಕಡೆ ತಿರುಗಿ ನೋಡದಿರುವುದಕ್ಕೆ ಕಾರಣ ಸೋಮಾರಿತನವಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದವನಿಗೆ ಹಳೆಯ ಕುಂಟಿ, ಕೂರಿಗೆಗಳನ್ನು ಅದಕ್ಕೆ ಕಟ್ಟಲು ಬರುವುದಿಲ್ಲ. ಎಲ್ಲ ಸಲಕರಣೆ ಹೊಸದಾಗಿ ಬೇಕು. ಆಪರೇಟಿಂಗ್ ಸಿಸ್ಟಮ್ ಬದಲಿಸಿದವನ ಪಾಡೂ ಅದೇ. ನೂರಾರು ರೂಪಾಯಿ ಉಳಿಸಲು ಹೋಗಿ ಇಪ್ಪತ್ತು ವರ್ಷದ ಫೈಲುಗಳನ್ನು ಕಳೆದುಕೊಂಡರೆ? ಆ ಭಯ ಸುಳ್ಳಲ್ಲ. ಅದರ ಬೇರು ಎಲ್ಲಿದೆ ಎಂದು ಸ್ವಲ್ಪ ಕೂತು ನೋಡಬೇಕು.

ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ವಿಂಡೋಸ್ 95, 98ರಲ್ಲಿ ಕನ್ನಡ ಎಂಬ ಭಾಷೆಯೇ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷಿನ ಹಾಗೂ ಯುರೋಪಿನ ಬೇರೆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಪುಣೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಕೊಟ್ಟ ಬರಹ, ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ಮಾಡಿದ ನುಡಿ, ಎಲ್ಲವೂ ಮೊದಲು ಇದೇ ದಾರಿ ಹಿಡಿದವು. ನುಡಿಯ ಹಳೆಯ ಫೈಲಿನಲ್ಲಿ ‘ಕ’ ಎಂಬ ಅಕ್ಷರವೇ ಇಲ್ಲ. ಅಲ್ಲಿರುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಓರೆ ಗೀಟಿರುವ ಒಂದು ‘ಎ’. ನುಡಿ ಫಾಂಟ್ ಇದ್ದರೆ ಅವೆರಡೂ ಸೇರಿ ‘ಕ’ದಂತೆ ಕಾಣುತ್ತವೆ, ಫಾಂಟ್ ಇಲ್ಲದಿದ್ದರೆ ಮೊಬೈಲಿನಲ್ಲಿ ಕೀಟ ಹರಿದಾಡಿದಂಥ ಗುರುತುಗಳು ಕಾಣುತ್ತವೆ. ಪಂಚಾಯ್ತಿಯ ಪಿಡಿಒ ಕಳಿಸಿದ ನೋಟಿಸನ್ನು ವಾಟ್ಸಾಪಿನಲ್ಲಿ ತೆರೆದಾಗ ಕಾಣುವುದು ಇದೇ. ಶ್ರೀಲಿಪಿಯ ಜೋಡಣೆ ಬೇರೆ, ನುಡಿಯದು ಬೇರೆ. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಕಲಸುಮೇಲೋಗರ. ಆ ಕಾಲಕ್ಕೆ ಇದು ಜಾಣ ಉಪಾಯವೇ. ಅದಿಲ್ಲದಿದ್ದರೆ ಕನ್ನಡದ ಮುದ್ರಣ ಕಂಪ್ಯೂಟರಿಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯುತ್ತಿತ್ತು.

ಯೂನಿಕೋಡ್ ಈ ಉಪಾಯದ ಅಗತ್ಯವನ್ನೇ ತೆಗೆದುಹಾಕಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳಿದ್ದವು. ‘ಕ’ದ ಸಂಖ್ಯೆ 3221. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಆಂಡ್ರಾಯ್ಡ್ ಇರಲಿ, ನಾಳೆ ಇನ್ನೊಂದು ಬರಲಿ, 3221 ಎಂದರೆ ‘ಕ’ವೇ. ವಿಂಡೋಸ್ ಎಕ್ಸ್‌ಪಿ ಹೊತ್ತಿಗೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಒಳಗೇ ಬಂತು. ಹಾಗಿದ್ದೂ ನಮ್ಮ ಡಿಟಿಪಿ ಹಳೆಯ ದಾರಿಯಲ್ಲೇ ಏಕೆ ಉಳಿಯಿತು? ಪೇಜ್‌ಮೇಕರಿನಿಂದ. ಲಗ್ನಪತ್ರಿಕೆಯಿಂದ ವಾರಪತ್ರಿಕೆಯವರೆಗೆ ಎಲ್ಲರ ಕೈಗೂ ಹತ್ತಿದ ತಂತ್ರಾಂಶ ಅದು. ಅದಕ್ಕೆ ಯೂನಿಕೋಡ್ ತಿಳಿಯುವುದಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಆಮೇಲೆ ಅದನ್ನು ಬಿಟ್ಟು ತನ್ನ ಇನ್‌ಡಿಸೈನನ್ನೇ ಮುಂದುವರಿಸಿತು. 2013ರಿಂದ ಹೊಸ ಆವೃತ್ತಿಗಳನ್ನು ಮಾರುವುದನ್ನೇ ನಿಲ್ಲಿಸಿ ತಿಂಗಳ ಬಾಡಿಗೆಗೆ ಕೊಡತೊಡಗಿತು. ಲಗ್ನದ ಸೀಸನ್ನಿನಲ್ಲಿ ಮಾತ್ರ ಕೈತುಂಬ ಕೆಲಸ ಇರುವ ಅಂಗಡಿಗೆ ವರ್ಷವಿಡೀ ಬಾಡಿಗೆ ಕಟ್ಟುವುದು ಆಗದ ಮಾತು. ಹೀಗಾಗಿ 2001ರ ಪೇಜ್‌ಮೇಕರ್, ಅದಕ್ಕೆ ಬೇಕಾದ ಹಳೆಯ ನುಡಿ ಫಾಂಟ್, ಅವೆರಡಕ್ಕೂ ಬೇಕಾದ ವಿಂಡೋಸ್, ಈ ಮೂರೂ ಒಂದಕ್ಕೊಂದು ಗಂಟು ಬಿದ್ದು ಕುಳಿತಿವೆ. ಒಂದನ್ನು ಬಿಡಿಸಲು ಹೋದರೆ ಇನ್ನೆರಡು ಎಳೆಯುತ್ತವೆ. ವಾಟ್ಸಾಪಿನಲ್ಲಿ ಗಿರಾಕಿ ಯೂನಿಕೋಡಿನಲ್ಲಿ ಕಳಿಸಿದ ಹೆಸರುಗಳನ್ನು ಹಳೆಯ ಸಂಕೇತಕ್ಕೆ ಇಳಿಸಿ ಪೇಜ್‌ಮೇಕರಿಗೆ ಹಾಕಿಕೊಳ್ಳುವ ವಿಚಿತ್ರ ಕೆಲಸ ದಿನಾ ನಡೆಯುತ್ತದೆ. ಮುಂದಕ್ಕೆ ಹೋದ ಅಕ್ಷರವನ್ನು ಹಿಂದಕ್ಕೆ ಎಳೆದು ತರುವುದಕ್ಕೂ ನಾವು ಒಂದು ಸಾಧನ ಮಾಡಿಕೊಂಡಿದ್ದೇವೆ!

ಹೀಗಾಗಿ ಲಿನಕ್ಸಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ನುಡಿಯ ಹಳೆಯ ಫಾಂಟಿನ ಫೈಲನ್ನು ಲಿನಕ್ಸಿನಲ್ಲೂ ಹಾಕಿಕೊಳ್ಳಬಹುದು. ಹಳೆಯ ಡಾಕ್ಯುಮೆಂಟ್ ತೆರೆದರೆ ಓದಲು ಬರುತ್ತದೆ. ಆದರೆ ಆ ಹಳೆಯ ಸಂಕೇತದಲ್ಲಿ ಹೊಸದಾಗಿ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿನದು. ವಿಂಡೋಸಿನ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ‘ವೈನ್’ ಎಂಬ ಸಾಧನ 1993ರಿಂದ ಇದೆ. ಕೀಲಿ ಒತ್ತಿದ್ದನ್ನು ನಡುವೆಯೇ ಹಿಡಿದು ಅಕ್ಷರ ಬದಲಿಸುವ ಇಂಥ ತಂತ್ರಾಂಶಗಳನ್ನು ಅದರ ಭರವಸೆಯ ಮೇಲೆ ಬಿಡಬಾರದು. ಪೇಜ್‌ಮೇಕರಿನ ಫೈಲುಗಳನ್ನು ಲಿಬ್ರೆಆಫೀಸ್ 2015ರಿಂದಲೂ ತೆರೆಯುತ್ತದೆ. ಬಹಳ ಮಂದಿಗೆ ಇದು ಗೊತ್ತಿಲ್ಲ. ಪುಟದ ಅಳತೆ, ಚಿತ್ರದ ಜಾಗ ಹೆಚ್ಚುಕಡಿಮೆ ಆಗುತ್ತದೆ. ಹಳೆಯ ಮಜಕೂರು ಬೇಕಾದವನಿಗೆ ಅಷ್ಟು ಸಾಕು, ಅದೇ ಕಾರ್ಡನ್ನು ಮತ್ತೆ ಅಚ್ಚು ಹಾಕುವವನಿಗೆ ಸಾಲದು. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. 2024ರಲ್ಲಿ ಬಂದ 1.6ನೇ ಆವೃತ್ತಿಯಿಂದ ಅದು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಕೋರಲ್‌ಡ್ರಾ ಬದಲಿಗೆ ಇಂಕ್‌ಸ್ಕೇಪ್, ಫೋಟೋಶಾಪ್ ಬದಲಿಗೆ ಗಿಂಪ್. ಇವೆಲ್ಲ ಪುಕ್ಕಟೆ, ಗುಣದಲ್ಲೂ ಕಡಿಮೆಯಲ್ಲ. ಆದರೆ ಬ್ಯಾನರ್ ಅಚ್ಚು ಹಾಕುವ ಹುಬ್ಬಳ್ಳಿಯ ಫ್ಲೆಕ್ಸಿನವನು ‘ಕೋರಲ್‌ಡ್ರಾದ ಸಿಡಿಆರ್ ಫೈಲ್ ಕಳಸ್ರಿ’ ಎಂದೇ ಕೇಳುತ್ತಾನೆ. ಹೊಸ ತಂತ್ರಾಂಶ ನೀವೊಬ್ಬರೇ ಕಲಿತರೆ ಆಗಲಿಲ್ಲ, ನಿಮ್ಮ ಜೊತೆ ವ್ಯವಹಾರ ಮಾಡುವವರೂ ಅದಕ್ಕೆ ಒಗ್ಗಬೇಕು. ಫೈಲನ್ನು ಪಿಡಿಎಫ್ ಮಾಡಿ ಕಳಿಸುವ ರೂಢಿ ಬೆಳೆದರೆ ಈ ಜಗಳ ಅರ್ಧ ತಗ್ಗುತ್ತದೆ.

ಯಂತ್ರಗಳದ್ದು ಬೇರೆ ಕಥೆ. ಸಣ್ಣ ಅಂಗಡಿಗಳ ಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನಲ್ಲಿ ಕಾಡಿಸುತ್ತದೆ. ಆಧಾರಿನ ಹೆಬ್ಬೆಟ್ಟು ಯಂತ್ರಗಳ ಜೊತೆ ಬರುವ ‘ಆರ್‌ಡಿ ಸರ್ವಿಸ್’ ತಂತ್ರಾಂಶ ಹೆಚ್ಚಾಗಿ ವಿಂಡೋಸಿಗೆ ಮತ್ತು ಆಂಡ್ರಾಯ್ಡಿಗೆ ಮಾಡಿದ್ದು. ಪಿಡಿಒ, ಗುತ್ತಿಗೆದಾರರು, ಜಿಎಸ್‌ಟಿ ಕಟ್ಟುವ ದಲಾಲರು ಬಳಸುವ ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿದರೂ, ಅದನ್ನು ವೆಬ್‌ಸೈಟಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ ಎಷ್ಟೋ ಸಲ ವಿಂಡೋಸನ್ನೇ ಕೇಳುತ್ತದೆ. ಎಪಿಎಂಸಿಯ ದಲಾಲಿ ಅಂಗಡಿಗಳ ಟ್ಯಾಲಿಯೂ ವಿಂಡೋಸಿನದೇ. ಇಂಥವರಿಗೆ ಲಿನಕ್ಸಿನ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಕೆಲಸ ನಿಂತ ಒಂದು ದಿನದ ನಷ್ಟ ಲೈಸೆನ್ಸಿನ ಬೆಲೆಗಿಂತ ಹೆಚ್ಚಾದೀತು. ವಿಂಡೋಸ್ 11 ಹೋಮ್ ಆವೃತ್ತಿಗೆ ಅಮೆರಿಕದಲ್ಲಿ 139 ಡಾಲರ್ ಬೆಲೆ. ಹೊಸ ಕಂಪ್ಯೂಟರ್ ಕೊಳ್ಳುವವರು ಅದರ ಜೊತೆಗೇ ಬಂದ ಅಸಲಿ ವಿಂಡೋಸನ್ನು ತೊಗೊಳ್ಳುವುದೇ ಅಗ್ಗ. ಎರಡು ಮೂರು ಸಾವಿರ ಉಳಿಯುತ್ತದೆಂದು ‘ವಿಂಡೋಸ್ ಇಲ್ಲದ್ದು ಕೊಡ್ರಿ’ ಎಂದು ತಂದು, ಮೇಲೆ ಪೈರಸಿ ಹಾಕಿಸುವುದು ಎರಡೂ ಕಡೆಯಿಂದ ಕೆಟ್ಟ ವ್ಯಾಪಾರ.

ಬ್ರೌಸರಿನಲ್ಲಿ ನಡೆಯುವ ಕೆಲಸಗಳಿಗೆ ಈ ಗೋಳಿಲ್ಲ. ಭೂಮಿ ಯೋಜನೆ ಶುರುವಾದಾಗ ಉತಾರಕ್ಕಾಗಿ ತಾಲೂಕು ಕಚೇರಿಯ ಕಿಟಕಿಗೇ ಹೋಗಬೇಕಿತ್ತು, 15 ರೂಪಾಯಿ ಕೊಟ್ಟು ಅಲ್ಲಿನ ಕಂಪ್ಯೂಟರಿನಿಂದಲೇ ತೆಗೆಸಬೇಕಿತ್ತು. ಈಗ ಅದೇ ಉತಾರವನ್ನು ಚಿಕ್ಕನರಗುಂದದ ರೈತ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ನೋಡುತ್ತಾನೆ. ಒಳಗೆ ಯಾವ ಸಿಸ್ಟಮ್ ಇದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೃಷಿ ಸೊಸೈಟಿಗಳನ್ನು ಗಣಕೀಕರಿಸಲು ಕೇಂದ್ರ ಸರಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿ, 63,000 ಸೊಸೈಟಿಗಳಿಗೆ ಒಂದೇ ರಾಷ್ಟ್ರೀಯ ತಂತ್ರಾಂಶ ಎಂದಿತು. ಪ್ರತಿ ಸೊಸೈಟಿಯೂ ತನ್ನದೇ ಹಳೆಯ ಪ್ರೋಗ್ರಾಂ ಕಟ್ಟಿಕೊಂಡು, ಅದನ್ನು ಬರೆದವನು ಊರು ಬಿಟ್ಟ ಮೇಲೆ ಪರದಾಡುವುದಕ್ಕಿಂತ ಇದು ವಾಸಿ. ಹಾಗೆಂದು ಬ್ರೌಸರ್ ಎಂದರೆ ಎಲ್ಲ ಸಲೀಸು ಎಂದುಕೊಳ್ಳಬಾರದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲೇ ತೆರೆಯುವಂತೆ ಮಾಡಿದ್ದ ಸರಕಾರಿ ಪುಟಗಳು ಎಷ್ಟಿದ್ದವು! 2022ರ ಜೂನಿನಲ್ಲಿ ಆ ಬ್ರೌಸರಿಗೇ ಮೈಕ್ರೋಸಾಫ್ಟ್ ಮಂಗಳ ಹಾಡಿದಾಗ, ಎಡ್ಜ್ ಬ್ರೌಸರಿನೊಳಗೆ ಹಳೆಯದರ ವೇಷ ಹಾಕಿಸಿ ಅವನ್ನು ಓಡಿಸಬೇಕಾಯಿತು.

ಇಡೀ ವ್ಯವಸ್ಥೆಯೇ ಬದಲಾಗಿ ನಿಭಾಯಿಸಿದ ಉದಾಹರಣೆ ಬೇಕಿದ್ದರೆ ಕಾಸರಗೋಡಿನ ಕನ್ನಡ ಸಾಲಿಗಳಿಗೆ ಹೋಗಬೇಕು. ಕೇರಳದ ಶಿಕ್ಷಣ ಇಲಾಖೆ ‘ಐಟಿ ಅಟ್ ಸ್ಕೂಲ್’ ಎಂದು ಶುರುಮಾಡಿ ಈಗ ‘ಕೈಟ್’ ಎಂಬ ಸಂಸ್ಥೆಯ ಮೂಲಕ ನಡೆಸುತ್ತಿರುವ ಯೋಜನೆಯಲ್ಲಿ ಸರಕಾರಿ, ಅನುದಾನಿತ ಸಾಲಿಗಳ ಕಂಪ್ಯೂಟರುಗಳೆಲ್ಲ ಉಬುಂಟು ಆಧಾರಿತ ಲಿನಕ್ಸಿನಲ್ಲೇ ಓಡುತ್ತವೆ. ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಗು ಐಟಿ ಪಾಠವನ್ನು ಕನ್ನಡದ ಪುಸ್ತಕದಲ್ಲೇ ಓದಿ ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಕಲಿಯುತ್ತದೆ. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. 2019ರಲ್ಲಿ ಕೈಟ್ ಹೊಸ ಆವೃತ್ತಿ ತಂದಾಗ, ಎರಡು ಲಕ್ಷ ಕಂಪ್ಯೂಟರುಗಳಲ್ಲಿ ಲೈಸೆನ್ಸಿನ 3,000 ಕೋಟಿ ರೂಪಾಯಿ ಉಳಿಯಿತೆಂದು ಹೇಳಿಕೊಂಡಿತು. ಭಾಗಿಸಿ ನೋಡಿ, ಯಂತ್ರವೊಂದಕ್ಕೆ ಒಂದೂವರೆ ಲಕ್ಷ ಬೀಳುತ್ತದೆ. ಅಷ್ಟು ದುಬಾರಿ ತಂತ್ರಾಂಶವನ್ನು ಯಾವ ಸರಕಾರವೂ ಸಾಲಿಗೆ ಕೊಳ್ಳುತ್ತಿರಲಿಲ್ಲ. ಈ ಲೆಕ್ಕ ನನಗೆ ಉಬ್ಬಿದಂತೆ ಕಾಣುತ್ತದೆ. ಆದರೆ ಅವರು ಮಾಡಿದ ಕೆಲಸ ಉಬ್ಬಿದ್ದಲ್ಲ. ಮೇಷ್ಟ್ರಿಗೆ ತರಬೇತಿ ಕೊಟ್ಟರು, ಪಠ್ಯ ಬರೆಸಿದರು, ಪರೀಕ್ಷೆ ಜೋಡಿಸಿದರು, ಕೆಟ್ಟರೆ ಸರಿಮಾಡಲು ಜನ ಇಟ್ಟರು. ಖರ್ಚು ಮಾಡಿದ್ದು ಜನರ ಮೇಲೆ. ನಮ್ಮಲ್ಲೂ 2011ರ ಆಸುಪಾಸಿನಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಸರಕಾರಿ ಹೈಸ್ಕೂಲಿನ ಸಾವಿರಾರು ಮೇಷ್ಟ್ರುಗಳು ಉಬುಂಟು ಹಿಡಿದು ಕೂತಿದ್ದರು. ಪಠ್ಯಕ್ಕೂ ಪರೀಕ್ಷೆಗೂ ಅದು ಕೇರಳದಲ್ಲಿ ಕೂಡಿಕೊಂಡಂತೆ ಇಲ್ಲಿ ಕೂಡಲಿಲ್ಲ.

ಮೇಲಿಂದ ಆದೇಶ ಬಂದರೆ ಸಾಲದೆಂಬುದಕ್ಕೆ ಜರ್ಮನಿಯ ಮ್ಯೂನಿಕ್ ನಗರಸಭೆ ಇದೆ. 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷ ಹೆಣಗಿ ಸುಮಾರು 15,000 ಕಂಪ್ಯೂಟರ್ ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸಿಗೇ ತಿರುಗಲು ಅದು ಮತ ಹಾಕಿತು. ಅಲ್ಲಿಯೂ ಕಾಡಿದ್ದು ಬೇರೆ ಕಚೇರಿಗಳ ಜೊತೆ ಕಾಗದಪತ್ರ ಹೊಂದದಿರುವುದು ಮತ್ತು ವಿಂಡೋಸನ್ನೇ ಕೇಳುವ ಪ್ರೋಗ್ರಾಂಗಳು. ರಾಜಕೀಯವೂ ಇತ್ತೆನ್ನಿ.

ನನ್ನ ಅಭಿಪ್ರಾಯ ಇಷ್ಟು. ಸಾಲಿಯ ಲ್ಯಾಬಿಗೆ, ಮಕ್ಕಳು ಓದುವ ಮನೆಯ ಹಳೆಯ ಕಂಪ್ಯೂಟರಿಗೆ, ಬರೀ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಲಿನಕ್ಸ್ ಹಾಕಲು ಹೆದರಬೇಕಿಲ್ಲ. ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ನೋಡಲು ಬರುತ್ತದೆ. ಹಾರ್ಡ್‌ಡಿಸ್ಕನ್ನು ಅದು ಮುಟ್ಟುವುದಿಲ್ಲ. ನಿಮ್ಮ ಪ್ರಿಂಟರ್, ಸ್ಕ್ಯಾನರ್, ವೈಫೈ ಹಿಡಿಯುತ್ತವೆಯೇ ಎಂದು ನಾಲ್ಕು ದಿನ ಹಾಗೇ ಪರೀಕ್ಷಿಸಿ, ಆಮೇಲೆ ಹಾಕಿಸಬಹುದು. ಹೆಬ್ಬೆಟ್ಟು, ಡಿಜಿಟಲ್ ಸಹಿ, ಟ್ಯಾಲಿ ಇದ್ದವರು ಅಸಲಿ ವಿಂಡೋಸ್ 11 ಇರುವ ಹೊಸ ಯಂತ್ರಕ್ಕೆ ದುಡ್ಡು ಕೂಡಿಸುವುದು ಒಳ್ಳೆಯದು. ಪೇಜ್‌ಮೇಕರ್ ಬಿಡಲಾರದ ಡಿಟಿಪಿ ಅಂಗಡಿ ಹಳೆಯ ಕಂಪ್ಯೂಟರನ್ನು ಹಾಗೇ ಇಟ್ಟುಕೊಳ್ಳಲಿ, ಇಂಟರ್‌ನೆಟ್ ವೈರನ್ನು ಮಾತ್ರ ಕಿತ್ತುಹಾಕಲಿ. ಹೊರಗಿನ ಪೆನ್‌ಡ್ರೈವನ್ನು ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡದೆ ಚುಚ್ಚದಿರಲಿ.

ಎಲ್ಲಕ್ಕೂ ಮೊದಲು ಆಗಬೇಕಾದ್ದು ಫೈಲುಗಳ ಕೆಲಸ. ಹಳೆಯ ನುಡಿ, ಬರಹದ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನುಡಿಯಲ್ಲೇ ಒಂದಿದೆ, ಸಂಚಯ ಬಳಗದ ಅರವಿಂದ ವಿ.ಕೆ. ಮಾಡಿದ್ದೊಂದು ಬ್ರೌಸರಿನಲ್ಲೇ ನಡೆಯುತ್ತದೆ. ಪರಿವರ್ತಿಸಿದ್ದನ್ನು ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು ಜಾಗ ತಪ್ಪಬಹುದು. ನಡುವೆ ಇಂಗ್ಲಿಷಿನಲ್ಲಿ ಬರೆದ ‘ಸರ್ವೆ ನಂಬರ್’ ಎಂಬಂಥ ಮಾತುಗಳನ್ನೂ ಕನ್ನಡವೆಂದು ಭ್ರಮಿಸಿ ಅದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ವಾಟ್ನಿ ಪತ್ರದಲ್ಲಿ ಅಂಥ ತಪ್ಪು ಉಳಿದರೆ ಕೋರ್ಟಿನ ತನಕ ಹೋದೀತು. ಪಂಚಾಯ್ತಿ ಮತ್ತು ತಾಲೂಕು ಕಚೇರಿಗಳು ನೋಟಿಸು, ಸುತ್ತೋಲೆಗಳನ್ನು ಹಳೆಯ ಸಂಕೇತದಲ್ಲಿ ಟೈಪ್ ಮಾಡುವುದನ್ನು ಇಂದಿನಿಂದಲೇ ಬಿಟ್ಟರೆ ನಾಳೆ ಪರಿವರ್ತಿಸುವ ರಾಶಿ ಅಷ್ಟು ಕಡಿಮೆಯಾಗುತ್ತದೆ.

ಮನೆಬಳಕೆಯವರಿಗೆ ವಿಂಡೋಸ್ 10ರ ಹೆಚ್ಚುವರಿ ಅಪ್‌ಡೇಟಿನ ಗಡುವು 2026ರ ಅಕ್ಟೋಬರ್ 13. ಅದರ ಬೆನ್ನಿಗೇ ದೀಪಾವಳಿ, ತುಳಸಿ ಲಗ್ನ, ಆಮೇಲೆ ಊರ ಲಗ್ನಗಳ ಗದ್ದಲ. ಆಗ ಅಂಗಡಿಯವರಿಗೆ ಚಾ ಕುಡಿಯಲೂ ಪುರಸೊತ್ತು ಇರುವುದಿಲ್ಲ. ಶ್ರಾವಣಕ್ಕೂ ಮುಂಚಿನ ಆಷಾಢದಲ್ಲಿ ಗಿರಾಕಿ ಕಡಿಮೆ. ಫೈಲು ಪರಿವರ್ತಿಸುವ ಕೆಲಸವನ್ನು ದಯಮಾಡಿ ಆ ತಿಂಗಳಲ್ಲೇ ಮುಗಿಸಿಕೊಳ್ಳಿ.